ಗುಂಡಿ ಕಾದವಳು

ಲೋಹ ಪತ್ತೆ ಹಚ್ಚುವ ಯಂತ್ರ ಕಿರುಗುಟ್ಟಿದ ಜಾಗದಲ್ಲಿ ಡೋರೀನ್ ಒಂದು ಗೇಣು ಅಗೆದಳು. ಮೊದಲು ಒಂದು ಬೆಳ್ಳಿ ನಾಣ್ಯ ಬಂತು, ಆಮೇಲೆ ಎರಡು, ಆಮೇಲೆ ಮಣ್ಣಿನ ಮಡಕೆಯೊಂದರ ಬಾಯಿ ಕಂಡಿತು. ತಕ್ಷಣ ಸಲಿಕೆ ಕೆಳಗಿಟ್ಟು ಪುರಾತತ್ವ ಅಧಿಕಾರಿಗೆ ಫೋನ್ ಮಾಡಿದಳು. ಗುಂಡಿಯ ಆಚೆಗೊಂದು ಈಚೆಗೊಂದು ಕಾಲು ಚಾಚಿ ಕುಳಿತೇಬಿಟ್ಟಳು. ಇಂಗ್ಲೆಂಡಿನ ಸಫೊಕ್‌ನ ಗಾಳಿಗೆ ಅರವತ್ತೆಂಟರ ಮೂಳೆ ನೋಯುತ್ತಿತ್ತು. ನೋಯಲಿ.

ಹೊಲದ ಯಜಮಾನ ನೈಜೆಲ್ ಟ್ರ್ಯಾಕ್ಟರ್ ನಿಲ್ಲಿಸಿ ಓಡಿ ಬಂದ. ಇಣುಕಿದವನ ಕಣ್ಣು ಅರಳಿತು.

"ಸುಮ್ನೆ ಯಾಕೆ ಕೂತಿದ್ದೀರಾ ಡೋರೀನ್? ತೆಗೀರಿ ಹೊರಗೆ!"

"ಅಧಿಕಾರಿ ಬರ್ತಾ ಇದಾರೆ. ಅಲ್ಲೀವರೆಗೆ ಯಾರೂ ಮುಟ್ಟೋ ಹಾಗಿಲ್ಲ."

"ಅವರು ಬಂದ್ರೆ ಆಯ್ತು ಕಥೆ! ಹಗ್ಗ ಕಟ್ಟಿ, ಬ್ರಷ್ ಹಿಡ್ಕೊಂಡು ತಿಂಗಳುಗಟ್ಟಲೆ ಕೆರೀತಾರೆ. ನನ್ನ ಬಿತ್ತನೆ ಹಾಳು. ಗುಟ್ಟಾಗಿ ಕೊಳ್ಳೋನೊಬ್ಬ ನಂಗೆ ಗೊತ್ತು. ನಿಮಗರ್ಧ, ನಂಗರ್ಧ. ಯಾರಿಗೂ ತಿಳಿಯಲ್ಲ."

"ಯಾರಿಗೂ ತಿಳೀದೆ ಹೋಗಬಾರದು ಅಂತಾನೇ ನಾನು ಕೂತಿರೋದು."

ಅವಳ ಗಂಡ ರೆಗ್ ಇದೇ ಹೊಲದಲ್ಲಿ ಯಂತ್ರ ಹಿಡಿದು ಇಪ್ಪತ್ತೆರಡು ವರ್ಷ ತಡಕಾಡಿದ್ದ. ಸಿಕ್ಕಿದ್ದು ಕುದುರೆ ಲಾಳ, ಬೆಲ್ಟಿನ ಮುರುಕು ಬಕಲು. 'ಇಲ್ಲಿ ಒಂದು ಕಾಲಕ್ಕೆ ಊರಿತ್ತು ಕಣೇ' ಎನ್ನುತ್ತಲೇ ಸತ್ತ, ಜನ ನಕ್ಕರು. ಮಡಕೆ ಕಳ್ಳದಾರಿಯಲ್ಲಿ ಹೋದರೆ ಅದು ಇಲ್ಲೇ ಸಿಕ್ಕಿತೆಂದು ಹೇಳುವವರಿಲ್ಲ. ರೆಗ್ ಶಾಶ್ವತವಾಗಿ ಹುಚ್ಚನೇ.

ನೈಜೆಲ್ ಸಲಿಕೆ ಎತ್ತಿಕೊಂಡ. "ಏಳಿ ಮೇಲೆ. ಹೊಲ ನಂದು."

"ಹೊಲ ನಿಂದೇ ಕಣಪ್ಪ. ಸಲಿಕೆ ಹಾಕೋದಾದ್ರೆ ಮೊದಲು ನನ್ನ ಮೊಣಕಾಲಿಗೆ ಹಾಕು. ಶಾಲೇಲಿ ಊಟ ಬಡಿಸ್ತಿದ್ದೋಳು ನಾನು, ಮರೆತ್ಯಾ? ಕ್ಯಾರೆಟ್ಟು ಜೇಬಿಗೆ ತುರುಕ್ತಿದ್ದೆ ನೀನು. ತಿಂದು ಮುಗಿಸೋವರೆಗೆ ಎದುರಿಗೆ ಕೂತಿರ್ತಿದ್ದೆ ನಾನು. ಕೂರೋದು ನಂಗೆ ಚೆನ್ನಾಗಿ ಬರುತ್ತೆ."

ನೈಜೆಲ್‌ನ ಮುಖ ಕೆಂಪೇರಿತು. ಸಲಿಕೆ ಎಸೆದು, ಅವಳ ಚೀಲದಿಂದ ಅನುಮತಿ ಪತ್ರ ಎಳೆದುಕೊಂಡ. ಹೊಲದಲ್ಲಿ ಹುಡುಕಲು ಅವನೇ ಸಹಿ ಹಾಕಿ ಕೊಟ್ಟಿದ್ದು. ಪರಪರ ಹರಿದು ತೂರಿದ.

"ನಾಳೆಯಿಂದ ನನ್ನ ಹೊಲಕ್ಕೆ ಕಾಲಿಟ್ರೆ ನೋಡಿ!"

ರೆಗ್ ನಡೆದಾಡಿದ ನೆಲ ಅಂತ ಅವಳಿಗೆ ಉಳಿದದ್ದು ಇದೊಂದೇ. ಅಷ್ಟರಲ್ಲಿ ಗೇಟಿನ ಬಳಿ ಅಧಿಕಾರಿಯ ಕಾರು ಬಂದು ನಿಂತಿತು.

ಡೋರೀನ್ ಕುಳಿತಲ್ಲಿಂದಲೇ ಕೈಚಾಚಿ ಕಾಗದದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಹೊಲದಲ್ಲಿ ಅಗೆದು ತೆಗೆದ ತುಕ್ಕು ಮೊಳೆ, ತಗಡಿನ ತುಂಡುಗಳಿದ್ದ ಕಸದ ಚೀಲಕ್ಕೆ ಹಾಕಿದಳು.

"ನಾಳೆಯಿಂದ ತಾನೆ? ಹೊಲದಲ್ಲಿ ಕಸ ಬಿಟ್ಟು ಹೋಗಬಾರದು ಅನ್ನೋದು ಯಂತ್ರ ಹಿಡಿದು ಹುಡುಕೋರ ನಿಯಮ. ಇವತ್ತಿಂದು ನಾನು ಹೆಕ್ಕಿದೀನಿ. ನಾಳೆಯಿಂದ ನೀನೇ ಹೆಕ್ಕೋ, ನೈಜೆಲ್."