ಗೊಂಬೆಯ ಬೆನ್ನಿನ ಗಂಟು

ರಿಪೇರಿಯಾದ ತನ್ನ ಹಳೆಯ ಗೊಂಬೆಯ ಹೊಳೆಯುವ ಕೂದಲನ್ನು ಸುಗುಣ ನೋಡಲೇ ಇಲ್ಲ. ಮಗುಚಿ, ಫ್ರಾಕಿನ ಬೆನ್ನು ತಡವಿದಳು. ಅಲ್ಲಿ ರಿಪೇರಿ ಮಾಡಿದ ಶ್ರೀಲತಾ ಹುಡುಕಿ ತರಿಸಿದ, ಗೊಂಬೆಯ ಕಾಲದ್ದೇ ಮುತ್ತಿನ ಗುಂಡಿಯಿತ್ತು.

“ಇಲ್ಲೊಂದ್ ಬಲೆನೂಲಿನ ಗಂಟ್ ಇದ್ದಿತ್ತಲೆ, ಎಲ್ಲ್ ಹೋಯ್ತ್? ಗುಂಡಿ ಬಿದ್ದಾಗ ಅಪ್ಪಯ್ಯ ಕಟ್ಟಿದ್ದ್ ಅದ್. ಅವ್ರ್ ಕೈ ಕೆಲ್ಸ ಅಂತ ಉಳ್ದದ್ದ್ ಅದೊಂದೇ.”

ಹಳೆಯ ಗೊಂಬೆ ಮೊದಲಿನಂತೆಯೇ ಆಗಬೇಕೆಂದು ಶ್ರೀಲತಾಳೇ ಆ ಗಂಟನ್ನು ಕತ್ತರಿಸಿದ್ದಳು. ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಕೆದಕಿದಳು. ಸಿಕ್ಕಿದ್ದು ಎರಡು ತುಂಡು ಹಸಿರು ನೂಲು. “ತಪ್ಪಾಯ್ತ್ ಸುಗುಣಕ್ಕ” ಎನ್ನುತ್ತ ಅವನ್ನು ಚಾಚಿದಳು.

ಸುಗುಣ ಮುತ್ತಿನ ಗುಂಡಿಯನ್ನು ಹಲ್ಲಿನಿಂದ ಕಿತ್ತಳು. ಹಂಗಾರಕಟ್ಟೆ ಬಂದರಿನಲ್ಲಿ ಅಪ್ಪಯ್ಯನ ಪಕ್ಕ ಕೂತು ಮೀನಿನ ಬಲೆ ಹೊಲಿದಿದ್ದ ಬೆರಳುಗಳು ತಾವಾಗಿಯೇ ಆ ಹಸಿರು ನೂಲು ಸುತ್ತಿ ಬಿಗಿದವು. ಕೈ ತೆಗೆದಾಗ ಬೆನ್ನಿನ ಮೇಲೆ ಅದೇ ಗಂಟು ಇತ್ತು.