ಎತ್ತದ ಬೆರಳು

ಎದುರಿನಿಂದ ಬಂದ ಗಾಡಿಯವನು ಸ್ಟೇರಿಂಗ್ ಮೇಲಿಂದ ತೋರುಬೆರಳೊಂದನ್ನು ಎತ್ತಿ ಹೋದ. ಒಳನಾಡಿನ ಲಾಂಗ್‌ರೀಚ್ ಕಡೆಯ ರಸ್ತೆಗಳಲ್ಲಿ ಗುರುತಿರಲಿ ಬಿಡಲಿ, ಎದುರಾದವರಿಗೆಲ್ಲ ಅದೇ ನಮಸ್ಕಾರ.

ಸಿಡ್ನಿಗೆ ಹೋದ ಹೊಸತರಲ್ಲಿ ರೋಂಡಾ ಅಲ್ಲಿನ ಟ್ರಾಫಿಕ್ಕಿನಲ್ಲೂ ಬೆರಳೆತ್ತುತ್ತಿದ್ದಳು. "ಯಾರಿಗೇ ಅದು, ಹಳ್ಳಿ ಗುಗ್ಗು?" ಎಂದು ಗೆಳತಿಯರು ನಗುತ್ತಿದ್ದರು, ಅವಳ ಎಳೆದೆಳೆದು ಆಡುವ ಮಾತನ್ನೂ ಅಣಕಿಸುತ್ತಿದ್ದರು.

ಆರು ವರ್ಷದ ಮೇಲೆ ಈಗ ಊರಿಗೆ ಹೊರಟಿದ್ದಳು. ಬೆಳಿಗ್ಗೆ ಪೆಟ್ರೋಲ್ ಬಂಕಿನ ಮುದುಕ ಅವಳ ನಾಲ್ಕು ಮಾತು ಕೇಳಿ, "ಸಿಡ್ನಿಯೋರಾ ತಾಯಿ? ಸಂಜೆಯಾದ್ರೆ ಕಾಂಗರೂ ಅಡ್ಡ ಬರ್ತವೆ, ಹುಷಾರು!" ಎಂದಿದ್ದ.

"ನಾನಿಲ್ಲೇ ಹುಟ್ಟಿದೋಳು ಕಣಜ್ಜಾ!" ಎಂದು ರೇಗಿದ್ದಳು.

ಈಗ ಬೆರಳೆತ್ತಿದವನ ಗಾಡಿ ದಾಟಿ ಹೋದ ಮೇಲೆ ನೋಡಿಕೊಂಡಳು. ತನ್ನ ಹತ್ತೂ ಬೆರಳು ಸ್ಟೇರಿಂಗನ್ನು ಹಿಡಿದೇ ಇದ್ದವು. ತಡವಾಗಿ ಒಂದನ್ನು ಎತ್ತಿದಳು. ಮುಂದೆ, ಕಣ್ಣು ಹಾಯುವಷ್ಟು ದೂರ, ರಸ್ತೆ ಖಾಲಿಯಿತ್ತು.