ಎಂಟು ಮಿಲಿಮೀಟರ್

ಆಲಿಕಲ್ಲು ಸಮೇತ ಸುರಿದ ಮಳೆಗೆ ಕೆಂಚಮ್ಮನ ಮನೆಯ ಗೋಡೆ ಕುಸಿದಿತ್ತು. ಪರಿಹಾರದ ಅರ್ಜಿ ಹಿಡಿದು ಕಚೇರಿಗೆ ಬಂದರೆ ಸಾಹೇಬರು ದಪ್ಪ ಪುಸ್ತಕ ತೆರೆದರು.

"ಅವತ್ತು ಬಿದ್ದಿದ್ದು ಬರೀ ಎಂಟು ಮಿಲಿಮೀಟರು. ಅಷ್ಟಕ್ಕೆಲ್ಲ ಗೋಡೆ ಬೀಳಲ್ಲಮ್ಮ."

"ಕೆರೇನೇ ಕೋಡಿ ಬಿತ್ತಲ್ಲ ಸ್ವಾಮಿ! ನಿಮ್ಮ ಪುಸ್ತಕ ಒಂದೇ ನೆನೀಲಿಲ್ವಾ?"

"ಮಳೆ ಅಳೆಯೋದು ಮಳೆಮಾಪಕ, ನಿನ್ನ ಬಾಯಲ್ಲ."

ಅದನ್ನೇ ನೋಡಿಬಿಡೋಣವೆಂದು ಕೆಂಚಮ್ಮ ಕಚೇರಿಯ ಹಿಂದಿನ ಬಯಲಿಗೆ ನಡೆದಳು. ಮಾಪಕ ನೋಡಿಕೊಳ್ಳುವ ಜವಾನ ಅದರ ಮೈಯನ್ನು ಬಟ್ಟೆಯಿಂದ ಒರೆಸುತ್ತಿದ್ದ. ತಗಡು ಫಳಫಳ ಹೊಳೆಯುತ್ತಿತ್ತು.

"ಏನಪ್ಪಾ, ಅಂಥ ಆಲಿಕಲ್ಲು ಬಿದ್ರೂ ಇದು ಒಂದು ಕಡೆಯೂ ನೆಗ್ಗಿಲ್ವಲ್ಲ?"

ಜವಾನ ಎದೆಯುಬ್ಬಿಸಿದ. "ಹೆಂಗೆ ನೆಗ್ತದಕ್ಕ? ಸರ್ಕಾರದ ಸಾಮಾನು. ಮಳೆ ಜೋರಾಗ್ತಿದ್ದಂಗೆ ಒಳಗೆ ಎತ್ತಿಡ್ತೀನಿ."